ಬಣ್ಣ ನೋಡಿ ಹೆಸರಿಡಬ್ಯಾಡ್ರಿ

ಬೀದರದ ಹಳೇ ಊರಿನಲ್ಲಿ, ಚೌಬಾರಾದ ಆಚೀಚೆ ಎಲ್ಲೋ ಒಂದು ಲೇಥ್ ಅಂಗಡಿ ಅಂತ ಇಟ್ಟುಕೊಳ್ಳಿ. ಮಂಚದ ಕಾಲು, ತೊಟ್ಟಿಲ ಕಂಬ, ಲಟ್ಟಣಿಗೆ ಕಡೆದು ಬದುಕಿದ ಮಿಸ್ತ್ರಿ ಒಬ್ಬರು. ಔರಾದ್ ಕಡೆ ಜೀವಶಾಸ್ತ್ರ ಹೇಳಿಕೊಡುವ ಮಾಸ್ತರ ಒಬ್ಬರು. ರಜೆ ಬಂತೆಂದರೆ ಪೆನ್ನು, ಬಟ್ಟಲು ಕಡೆಯುವುದು ಇವರ ಗೀಳು. ಮಾತು ಅವರಿಬ್ಬರದು.

ಮಾಸ್ತರ: ಕಾಕಾ, ಆನ್‌ಲೈನ್ ತರಿಸಿದ್ದ ಕಟಗಿ ಬಂದಾವ ನೋಡ್ರಿ. ಪೆನ್ನಿಗಂತ ಕೊಯ್ದ ತುಂಡು. ಎಲ್ಲಾದರ ಮ್ಯಾಲೂ ಹೆಸರಿನ ಚೀಟಿ ಅಂಟಿಸ್ಯಾರ. ಪಡೌಕ್, ರೋಸ್‌ವುಡ್, ಎಬನಿ, ಪರ್ಪಲ್‌ಹಾರ್ಟ್. ಆಫ್ರಿಕಾದ್ದು, ಬ್ರೆಜಿಲ್‌ದು.

ಮಿಸ್ತ್ರಿ: ಮೊದಲ ಆ ಚೀಟಿ ಕಿತ್ತು ಬ್ಯಾರೆ ಕಡಿ ಇಡ್ರಿ. ಚೀಟಿ ಓದಿದ ಮ್ಯಾಲ ಕಣ್ಣು ಅದು ಹೇಳಿದ್ದನ್ನೇ ನೋಡ್ತದ.

ಮಾಸ್ತರ: ರೊಕ್ಕ ಕೊಟ್ಟಿದ್ದೇ ಆ ಹೆಸರಿಗೆ ಅಲ್ರಿ.

ಮಿಸ್ತ್ರಿ: ಅದಕ್ಕೇ ಹೇಳೋದು. ಹೆಸರಿಗೆ ರೊಕ್ಕ ಬೀಳ್ತದಂದ್ರ ಹೆಸರಿಡಾಂವಗೂ ಆಸಿ ಇರ್ತದ. ನಮ್ಮ ಕಟಗಿ ಅಡ್ಡಾಗೇ ಹೋಗ್ರಿ. ಕಪ್ಪು ಗೆರಿ ಇದ್ದದ್ದೆಲ್ಲ ಶೀಸಂ, ಹಳದಿ ಇದ್ದದ್ದೆಲ್ಲ ಸಾಗವಾನಿ. ಸಾಗವಾನಿನಾಗೂ ಎಲ್ಲಾ ಬಲ್ಲಾರಶಾ ಮಾಲೇ! ಬಲ್ಲಾರಶಾದ ಕಾಡಿನಾಗ ಅಷ್ಟು ಗಿಡ ಎಲ್ಲಿಂದ ಬರಬೇಕು? ಹಡಗಿನಾಗ ಘಾನಾದಿಂದ, ಪನಾಮಾದಿಂದ, ಈಕ್ವೆಡಾರ್‌ದಿಂದ ಬರ್ತದ.

ಮಾಸ್ತರ: ಅದೂ ಸಾಗವಾನಿನೇ. ಟೆಕ್ಟೋನಾ ಗ್ರಾಂಡಿಸ್. ನಮ್ಮ ದೇಶದ ಬೀಜ ಅಲ್ಲಿ ತೋಟದಾಗ ಬೆಳದದ.

ಮಿಸ್ತ್ರಿ: ಸಾಗವಾನಿ ಅಲ್ಲ ಅಂದೋರು ಯಾರು? ತೋಟದಾಗ ನೀರು ಕುಡದು ಲಗುನ ಲಗುನ ಬೆಳದದ್ದು. ಉಂಗುರ ಅಗಲ, ಬಿಳಿ ಭಾಗ ಜಾಸ್ತಿ, ಚೇಗು ಕಡಿಮಿ. ಬಲ್ಲಾರಶಾ ಕಾಡಿನ ಮಾಲಿನ ರೇಟು ಹಚ್ಚಿ ಮಾರಿದ್ರ ಅದು ಸುಳ್ಳು. ಕಟಗಿ ಸುಳ್ಳಲ್ಲ, ರೇಟು ಸುಳ್ಳು.

ಮಾಸ್ತರ: ಹಂಗಾರ ನೀವು ಎಲ್ಲಿಂದ ಶುರು ಮಾಡ್ತೀರಿ? ತುಂಡು ಕೈಗೆ ಕೊಟ್ಟೆ ಅಂತ ತಿಳೀರಿ.

ಮಿಸ್ತ್ರಿ: ಎಲ್ಲಾರೂ ಉದ್ದನ್ನ ಬಾಜೂಕ ನೋಡ್ತಾರ, ಗೆರಿ ಚಂದ ಕಾಣ್ತಾವಂತ. ನಾ ಕೊಯ್ದ ತಲಿ ನೋಡ್ತೀನಿ. ಗಿಡಾ ಅಡ್ಡ ಕಡದ್ರ ಉಂಗುರ ಕಾಣ್ತಾವಲ್ಲ, ಆ ಕಡಿ. ಆದ್ರ ಗರಗಸ ಕೊಯ್ದ ತಲಿ ಹರಕ್ ಹರಕ್ ಇರ್ತದ, ಏನೂ ತಿಳಿಯಂಗಿಲ್ಲ. ಹೊಸಾ ಬ್ಲೇಡ್ ತಗೊಂಡು, ಹೆಬ್ಬಟ್ಟಿನ ಉಗುರಿನಷ್ಟು ಜಾಗ ಒಂದೇ ಎಳತಕ್ಕ ಸೀಳಬೇಕು. ಎರಡು ಸಲ ಎಳದ್ರ ರಂಧ್ರ ಮುಚ್ಚಿ ಹೋಗ್ತಾವ. ಮ್ಯಾಲ ಒಂದು ಹನಿ ನೀರು. ಈಗ ನಿಮ್ಮ ಭಿಂಗ ತಗೀರಿ.

ಮಾಸ್ತರ: ಹತ್ತು ಪಟ್ಟಿನದು. ಗಡಿಯಾರ ರಿಪೇರಿಯೋರು ಕಣ್ಣಿಗೆ ಹಚ್ಕೋತಾರಲ್ಲ, ಅಂಥಾದ್ದು. ಹಾಂ, ಇದರಾಗ ಸಣ್ಣ ಸಣ್ಣ ತೂತು ಕಾಣ್ತಾವ. ಗಿಡ ನೀರು ಏರಿಸಿದ ಕೊಳವಿ ಇವು. ಈ ತುಂಡಿನಾಗ ಒಂದು ಸಾಲು ದೊಡ್ಡ ತೂತು, ಆಮ್ಯಾಲ ಸಣ್ಣವು, ಮತ್ತ ದೊಡ್ಡ ಸಾಲು.

ಮಿಸ್ತ್ರಿ: ಅದು ನನ್ನ ಕಡೀದೇ ಸಾಗವಾನಿ ತುಂಡು. ನಿಮ್ಮ ಪೆಟಗಿದಲ್ಲ.

ಮಾಸ್ತರ: ಹೌದು, ಸಾಗವಾನಿದು ಹಿಂಗೇ ಇರಬೇಕು. ಮಳಿ ಬಿದ್ದು ಚಿಗುರೊಡದಾಗ ದೊಡ್ಡ ಕೊಳವಿ ಕಟ್ತದ, ಒಣ ದಿನಕ್ಕ ಸಣ್ಣವು. ನಮ್ಮ ಕಡಿ ಬಹಳ ಗಿಡಗಳಿಗೆ ಹಂಗಿಲ್ಲ, ತೂತು ಎಲ್ಲಾ ಕಡಿ ಚದುರಿರ್ತಾವ. ಜಾಲಿ ತಗೋರಿ. ಒಂದೊಂದು ತೂತಿನ ಸುತ್ತ ಬೆಳ್ಳಗ ಒಂದು ಬಳಿ, ಕಣ್ಣಿನ ರೆಪ್ಪಿ ಹಂಗ ಎರಡೂ ಕಡಿ ಚಾಚಿದ್ದು. ಆಹಾರ ಕೂಡಿಡೋ ಮೆತ್ತನ್ನ ಕೋಶ ಅವು.

ಮಿಸ್ತ್ರಿ: ಸಾಗವಾನಿಗೆ ನನಗ ಭಿಂಗ ಬ್ಯಾಡ. ಉಳಿ ಹಚ್ಚಿದ ಕೂಡ್ಲೆ ಚರ್ಮದ ವಾಸನಿ ಬರ್ತದ, ಹೊಸಾ ಚಪ್ಪಲಿ ಅಂಗಡ್ಯಾಗ ನಿಂತಂಗ. ಕೈಗೆ ಮೇಣ ಸವರಿದಂಗ ಹತ್ತತದ. ಮತ್ತ ಉಳಿ ಬಾಯಿ ಬ್ಯಾಗ ಬೋಳಾಗ್ತದ.

ಮಾಸ್ತರ: ಅದರಾಗ ಮರಳಿನ ಅಂಶ ಇರ್ತದ, ಸಿಲಿಕಾ. ನೆಲದಿಂದ ಏರಿಸಿ ಕೂಡಿಟ್ಟಿದ್ದು.

ಮಿಸ್ತ್ರಿ: ಜಾಲಿ ಹಂಗಲ್ಲ. ಹಸಿ ಇದ್ದಾಗ ಕಡದ್ರ ಉದ್ದನ್ನ ರಿಬ್ಬನ್ ಎದ್ದು ಮೊಣಕೈ ತನಕ ಬರ್ತದ. ಒಣಗಿದ ಮ್ಯಾಲ ಹಚ್ಚಿದ್ರ ಉಳಿನೇ ಕೂಗ್ತದ. ನಿಮ್ಮ ಔರಾದ್ ಕಡಿ ಬಂಡಿ ಗಾಲಿ ನಡುವಿನ ಗುಂಬ ಎಲ್ಲಾ ಜಾಲಿದೇ ಇರ್ತಿತ್ತು. ದೇವಣಿ ಎತ್ತು ಎಳೀಬೇಕಾದ ಬಂಡಿ, ಹಗುರ ಕಟಗಿ ಎಲ್ಲಿ ತಡೀತದ? ಜಾಲಿ ಕಡದ ಕೈಗೆ ನಿಮ್ಮ ವಿದೇಶಿ ಕಟಗಿ ಯಾವುದೂ ಗಡಸು ಅನ್ಸಂಗಿಲ್ಲ.

ಮಾಸ್ತರ: ಲೆಕ್ಕದಾಗ ಹೇಳ್ತೀನಿ ಕೇಳ್ರಿ. ಒಣಗಿದ ಸಾಗವಾನಿ ಘನ ಮೀಟರಿಗೆ ಸುಮಾರು 650 ಕಿಲೋ. ಜಾಲಿ 800ರ ಆಜೂಬಾಜೂ. ಆಫ್ರಿಕಾದ ಕರಿ ಕಟಗಿ ಅಂತ ಕ್ಲಾರಿನೆಟ್ ಮಾಡ್ತಾರಲ್ಲ, ಅದು 1200 ದಾಟ್ತದ. ನೀರಿಗಿಂತ ಭಾರ. ಬಕೆಟ್‌ನಾಗ ಹಾಕಿದ್ರ ತಳಕ್ಕ ಹೋಗ್ತದ.

ಮಿಸ್ತ್ರಿ: ಬಕೆಟ್ ಮಾತು ಬಂತು ನೋಡ್ರಿ. ಆ ಪಡೌಕ್ ತುಂಡು ಕೊಡ್ರಿ ಇಲ್ಲಿ. ಒಬ್ಬಾಂವ ಇಂಥಾದ್ದೇ ತಂದು ‘ರಕ್ತಚಂದನ ಅದ, ಬೊಂಬಿ ಕಡದು ಕೊಡು’ ಅಂದ. ನೀರಿಗೆ ಹಾಕ್ದೆ, ತೇಲ್ತು. ರಕ್ತಚಂದನದ ಒಳ್ಳೆ ಚೇಗು ತೇಲಂಗಿಲ್ಲ.

ಮಾಸ್ತರ: ಬಣ್ಣ ಮಾತ್ರ ಎರಡೂ ಕೆಂಪು. ಇಬ್ಬರೂ ಒಂದೇ ಕುಲದವ್ರು, ಟೆರೋಕಾರ್ಪಸ್. ಆ ಕೆಂಪು ಬಣ್ಣ ನೀರಿನಾಗ ಬಿಡಂಗಿಲ್ಲ, ಸ್ಪಿರಿಟ್‌ನಾಗ ಬಿಡ್ತದ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರಸಿದ್ರ ಹತ್ತಿ ಕಿತ್ತಳಿ ಕೆಂಪಾಗ್ತದ. ಅಂಡಮಾನಿನ ಪಡೌಕ್ ಸುದ್ದಾ ಇದೇ ಮನಿತನದ್ದು. ಆದ್ರ ಪಡೌಕ್ ಪೆನ್ನು ಕಿಡಕ್ಯಾಗ ಇಟ್ರ ವರ್ಷದೊಳಗ ಕೆಂಪು ಹೋಗಿ ಕಂದಾಗ್ತದ. ಅಂದ್ರ ಹಳೇ ಸಾಮಾನಿನ ಬಣ್ಣ ನೋಡಿ ಹೇಳಾಕ ಬರಂಗೇ ಇಲ್ಲ.

ಮಿಸ್ತ್ರಿ: ಈ ನೇರಳಿ ತುಂಡು? ಇದಕ್ಕ ಬಣ್ಣ ಹಚ್ಯಾರ ಬಿಡ್ರಿ. ಇಂಥಾ ಬದನಿಕಾಯಿ ಬಣ್ಣದ ಕಟಗಿ ದೇವರು ಮಾಡಂಗಿಲ್ಲ.

ಮಾಸ್ತರ: ಮಾಡ್ಯಾನ್ರಿ! ಪರ್ಪಲ್‌ಹಾರ್ಟ್, ದಕ್ಷಿಣ ಅಮೆರಿಕಾದ್ದು. ಕೊಯ್ದ ಕೂಡ್ಲೆ ಮಬ್ಬು ಕಂದು ಇರ್ತದ, ಗಾಳಿ ಬೆಳಕು ಹತ್ತಿದ ಮ್ಯಾಲ ನೇರಳಿ ಆಗ್ತದ. ಬ್ಲೇಡಿನಿಂದ ಒಂದು ಪದರ ತಗದು ಹೊರಗಿಟ್ಟು ಚಾ ಕುಡದು ಬರೋಣು. ಹಚ್ಚಿದ ಬಣ್ಣ ಇದ್ರ ಹೊಸಾ ಕಡಿ ಬಣ್ಣ ತಾನೇ ಏರಂಗಿಲ್ಲ.

ಮಿಸ್ತ್ರಿ: ಚಾ ತರಸ್ತೀನಿ. ಎಬನಿ ನಾ ನೋಡ್ತೀನಿ. ಆಬನೂಸ್ ನಮಗ ಹೊಸಾದಲ್ಲ, ಬೀಡಿ ಎಲಿ ಗಿಡದ ಹಳೇ ಬೊಡ್ಡಿ ನಟ್ಟನಡುವ ಇದ್ದಿಲಿನಂಥಾ ಚೇಗು ಇರ್ತದ. ಇದು ನೋಡ್ರಿ, ಒಳಗೂ ಹೊರಗೂ ಒಂದೇ ಕಪ್ಪು. ಖರೆ ಆಬನೂಸಿನಾಗ ಎಲ್ಲೆರೆ ಒಂದು ಕಂದು ಗೆರಿ ಕಾಣಬೇಕು. ಸ್ಪಿರಿಟ್ ಹತ್ತಿ ಕೊಡ್ರಿ. ಹಾಂ! ಹತ್ತಿ ಮಸಿ ಮಸಿ ಆತು. ಅಡ್ಡ ಕೊಯ್ದು ನೋಡ್ರಿ, ರಂಧ್ರದಾಗೆಲ್ಲ ಬಣ್ಣ ನಿಂತದ, ನಡುವ ಬಿಳಚ್ಯದ. ಕಪ್ಪು ಹಚ್ಚೋ ವಿದ್ಯಾ ಬೀದರಿನವ್ರಿಗೆ ಯಾರೂ ಕಲಸೋದು ಬ್ಯಾಡ. ಕಿಲ್ಲೇದ ಮಣ್ಣು, ನವಸಾಗರ ಹಚ್ಚಿ ಬಿದ್ರಿ ಸಾಮಾನು ಕರಿ ಮಾಡ್ತಾರ. ಆದ್ರ ಅದನ್ನ ಹಿಂಗ ಮಾಡೀವಿ ಅಂತ ಹೇಳಿ ಮಾರ್ತಾರ.

ಮಾಸ್ತರ: ಚೀಟಿಮ್ಯಾಲ ಎಬನಿ ಅಂತ ಬರದು, ಕೆಳಗ ಆಫ್ರಿಕನ್ ಬ್ಲ್ಯಾಕ್‌ವುಡ್ ಅಂತನೂ ಬರದು ಕಳಸ್ಯಾನ ಕಾಕಾ. ಅದು ಎಬನಿನೂ ಅಲ್ಲ. ನಿಮ್ಮ ಶೀಸಂ ಕುಲದ್ದು, ಡಾಲ್ಬರ್ಜಿಯಾ.

ಮಿಸ್ತ್ರಿ: ಶೀಸಂ ಅಂದ್ರಿ, ಒಂದು ಸಾಮಾನು ತೋರಸ್ತೀನಿ. ಭಾಲ್ಕ್ಯಾಗ ಒಂದು ಹಳೇ ವಾಡೆ ಕೆಡವ್ಯಾರ. ಕಂಬ, ಚೌಕಟ್ಟು ಎಲ್ಲಾ ಹೈದರಾಬಾದಿಗೆ ಹೋದ್ವು. ಯಾರೂ ಮೂಸದ ಈ ತೊಟ್ಟಿಲ ಕಾಲು ನನಗ ಬಂದಾವ. ಮ್ಯಾಲ ಅರಗಿನ ಬಣ್ಣ, ಕೆಂಪು ಹಳದಿ ಪಟ್ಟಿ, ಕಲಘಟಗಿ ತೊಟ್ಟಿಲದ ನಮೂನಿ. ಒಳಗ ಯಾವ ಕಟಗಿ ಹೇಳ್ರಿ.

ಮಾಸ್ತರ: ಅರಗು ಮುಚ್ಚಿದ್ರ ಹೆಂಗ ಹೇಳಬೇಕು? ಚನ್ನಪಟ್ಟಣದ ಗೊಂಬಿ ಆಗಿದ್ರ ಆಲೆ ಮರ ಅಂತಿದ್ದೆ. ಬೆಳ್ಳಗ, ರಂಧ್ರ ಕಣ್ಣಿಗೆ ಕಾಣದಷ್ಟು ಸಣ್ಣ, ಅರಗು ಕನ್ನಡಿ ಹಂಗ ಕೂಡ್ತದ. ಇದು ಭಾರ ಅದ.

ಮಿಸ್ತ್ರಿ: ಅರಗು ಕೆರೀಬ್ಯಾಡ್ರಿ, ಹಳೇ ಕೆಲಸ ಅದು. ತಿರುವಿ ಕಾಲಿನ ತಳ ನೋಡ್ರಿ. ನೆಲಕ್ಕ ತಾಗೋ ಜಾಗಕ್ಕ ಯಾವ ಖರಾದಿನೂ ಅರಗು ಹಚ್ಚಂಗಿಲ್ಲ. ಅಲ್ಲೇ ಒಂದು ಬ್ಲೇಡ್ ಎಳೀರಿ.

ಮಾಸ್ತರ: ನೇರಳಿ ಕಂದು, ಕಪ್ಪು ಗೆರಿ. ತೂತು ಚದುರ್ಯಾವ, ನಡುನಡುವ ಸಣ್ಣ ಅಲಿ ಅಲಿ ಗೆರಿ. ತಳದ ಹತ್ರ ಅರಗು ಇಲ್ಲದ ಬಾಜೂಕ ಒಂಚೂರು ಕೆರದು ನೋಡ್ತೀನಿ... ಅದ ಕಾಕಾ! ಉದ್ದ ಗೆರಿಗೆ ಅಡ್ಡಾಗಿ ಭಾಳ ಸಣ್ಣ ಸಾಲು, ಗಾಳಿಗೆ ಕೆರಿ ನೀರು ನೆರಿಗಿ ಬಿದ್ದಂಗ. ಕೋಶಗಳು ಅಂತಸ್ತು ಅಂತಸ್ತಾಗಿ ಕೂತಾಗ ಹಿಂಗ ಕಾಣ್ತದ. ಬೀಟಿ, ಶೀಸಂ, ಹೊನ್ನಿ, ರಕ್ತಚಂದನ ಎಲ್ಲಾದರಾಗೂ ಇದು ಇರ್ತದ. ಜಾಲಿನಾಗ ಇಲ್ಲ, ಸಾಗವಾನಿನಾಗ ಇಲ್ಲ.

ಮಿಸ್ತ್ರಿ: ಅಂದ್ರ ನಾಲ್ಕರಾಗ ಒಂದು. ಈಗ ಮೂಗು ಹಚ್ಚೋ ಕೆಲಸ. ಕೆರದ ಕಡಿ ಮೂಸ್ರಿ, ಸಿಹಿ ವಾಸನಿ ಬರ್ತದಲ್ಲ? ನನ್ನ ಮಾತು ಕೇಳಿದ್ರ ಇದು ಮಲೆನಾಡಿನಿಂದ ಬಂದ ಬೀಟಿ. ಉತ್ತರದ ಶೀಸಂ ಅಲ್ಲ. ಆ ಶೀಸಂ ಬಂಗಾರದ ಕಂದು ಇರ್ತದ, ಇಷ್ಟು ನೇರಳಿ ಹೊಡಿಯಂಗಿಲ್ಲ.

ಮಾಸ್ತರ: ಹೊನ್ನಿ ಅಲ್ಲ ಅಂತ ಹೆಂಗ ಹೇಳ್ತೀರಿ? ಬಣ್ಣ ನೋಡಿ ಹೇಳಬ್ಯಾಡ್ರಿ, ನೀವೇ ಬ್ಯಾಡ ಅಂದೀರಿ.

ಮಿಸ್ತ್ರಿ: ಹೊನ್ನಿಗೆ ಬ್ಯಾರೆ ಆಟ ಅದ. ಸಕ್ಕರಿ ರೋಗದವ್ರಿಗೆ ಅಂತ ಹೊನ್ನಿ ಲೋಟಾ ಮಾರ್ತಾರಲ್ಲ, ನಾನೂ ಕಡದೀನಿ. ರಾತ್ರಿ ನೀರು ಹಾಕಿಟ್ರ ಮುಂಜಾನಿಗೆ ಚಾ ಬಣ್ಣ ಬರ್ತದ. ಸಕ್ಕರಿ ಇಳೀತದೋ ಇಲ್ಲೋ ಡಾಕ್ಟರ್‌ನ ಕೇಳ್ರಿ, ಗೋಳಿ ಬಿಟ್ಟು ಲೋಟಾ ಹಿಡೀಬ್ಯಾಡ್ರಿ. ಆದ್ರ ಆ ನೀರು ಗಾಜಿನ ಗ್ಲಾಸಿಗೆ ಹಾಕಿ ಬಿಸಿಲಿಗೆ ಹಿಡೀರಿ.

ಮಾಸ್ತರ: ಎರಡೂ ಮಾಡೋಣು. ಒಂದು ಗ್ಲಾಸಿಗೆ ನಿಮ್ಮ ಹೊನ್ನಿ ಹೊಟ್ಟು, ಇನ್ನೊಂದಕ್ಕ ತೊಟ್ಟಿಲ ಕಾಲಿನ ಹೊಟ್ಟು. ಹಿಂದ ಕರಿ ಅರಬಿ ಹಿಡೀರಿ. ಇನ್ನೊಂದೀಟು ತಡೀರಿ... ನೋಡ್ರಿ, ಹೊನ್ನಿ ಗ್ಲಾಸಿನ ಅಂಚಿಗೆ ನೀಲಿ! ಎದುರಿಂದ ನೋಡಿದ್ರ ಹಳದಿ, ಬಾಜೂಕ ನಿಂತು ನೋಡಿದ್ರ ಆಕಾಶದ ನೀಲಿ. ತೊಟ್ಟಿಲದ ಗ್ಲಾಸಿನಾಗ ಹಂಗೇನೂ ಇಲ್ಲ.

ಮಿಸ್ತ್ರಿ: ನಮ್ಮಪ್ಪ ಇದನ್ನ ತೋರಸಿ ಹುಡುಗ್ರನ್ನ ಅಂಜಸ್ತಿದ್ದ, ಕಟಗ್ಯಾಗ ದೆವ್ವ ಅದ ಅಂತ.

ಮಾಸ್ತರ: ಯುರೋಪಿನ ದೊಡ್ಡ ದೊಡ್ಡವ್ರೂ ಈ ದೆವ್ವಕ್ಕ ತಲಿ ಕೆಡಿಸ್ಕೊಂಡಾರ. ಸ್ಪೇನ್ ದೇಶದ ಸೆವಿಲ್ ಊರಾಗ ನಿಕೊಲಾಸ್ ಮೊನಾರ್ಡೆಸ್ ಅಂತ ವೈದ್ಯ. 1565ರಾಗ ಅವ ಬರದ, ಮೆಕ್ಸಿಕೊದಿಂದ ಒಂದು ಕಟಗಿ ಬರ್ತದ, ಚಕ್ಕಿ ನೀರಿಗೆ ಹಾಕಿದ್ರ ನೀರು ನೀಲಿ ಆಗ್ತದ, ಮೂತ್ರಪಿಂಡದ ಬ್ಯಾನಿಗೆ ಔಷಧ ಅಂತ. ಆಮ್ಯಾಲ ರಾಜರ ಮನಿಗೆಲ್ಲ ಆ ಕಟಗಿ ಬಟ್ಟಲು ಕಾಣಿಕಿ ಹೋದವು. ರಾಬರ್ಟ್ ಬಾಯ್ಲ್ ಅಂತ ಇಂಗ್ಲೆಂಡಿನ ವಿಜ್ಞಾನಿ 1664ರಾಗ ಬಣ್ಣದ ಮ್ಯಾಲ ಒಂದು ಪುಸ್ತಕ ಬರದ. ಹುಳಿ ಹಾಕಿದ್ರ ನೀಲಿ ಹೋಗ್ತದ, ಕ್ಷಾರ ಹಾಕಿದ್ರ ತಿರುಗಿ ಬರ್ತದ ಅಂತ ಅದರಾಗ ಅದ.

ಮಿಸ್ತ್ರಿ: ನಿಂಬಿಹಣ್ಣು ಅದ, ಹಿಂಡ್ರಿ. ಹೋತು ನೋಡ್ರಿ ನೀಲಿ! ಈಗ ನನ್ನ ಎಲಿ ಡಬ್ಬ್ಯಾಗಿನ ಸುಣ್ಣ... ಒಂದು ಕಡ್ಡಿ ಸಾಕು. ಬಂತು. ಅದಕ್ಕೇ ನಮ್ಮ ಬೋರಿನ ಗಡಸು ನೀರಿನಾಗ ಚಂದ ಕಾಣ್ತದ ಏನೋ.

ಮಾಸ್ತರ: ಇರಬೇಕು. ಆದ್ರ ಖರೆ ತಮಾಷಿ ಮುಂದದ. ಮುನ್ನೂರೈವತ್ತು ವರ್ಷ ಆ ಕಟಗಿ ಯಾವುದು ಅಂತ ಯಾರಿಗೂ ತಿಳೀಲಿಲ್ಲ. ಬಟ್ಟಲು ಅವ, ಗಿಡ ಯಾವುದು? 1915ರಾಗ ವಿಲಿಯಂ ಸ್ಯಾಫರ್ಡ್ ಅಂತ ಅಮೆರಿಕದ ಸಸ್ಯಶಾಸ್ತ್ರಜ್ಞ ಗಂಟು ಬಿಡಿಸಿದ. ಒಂದು ಗಿಡ ಅಲ್ಲ, ಎರಡು. ಒಂದು ಮೆಕ್ಸಿಕೊದ್ದೇ. ದೊಡ್ಡ ದೊಡ್ಡ ಬಟ್ಟಲು ಮಾತ್ರ ಫಿಲಿಪೀನ್ಸಿನ ಗಿಡದ್ದು. ಸ್ಪೇನಿನ ಹಡಗಿನಾಗ ಮನಿಲಾದಿಂದ ಮೆಕ್ಸಿಕೊಗೆ ಬಂದು, ಅಲ್ಲಿಂದ ಯುರೋಪಿಗೆ ಹೋಗಿ, ಮೆಕ್ಸಿಕೊದ ಕಟಗಿ ಅಂತ ಹೆಸರು ಪಡಕೊಂಡ್ವು. ಆ ಫಿಲಿಪೀನ್ಸಿನ ಗಿಡ ಯಾವುದು ಗೊತ್ತದೇನ್ರಿ? ನಮ್ಮ ಹೊನ್ನಿ ಅಣ್ಣತಮ್ಮಂದು. ಟೆರೋಕಾರ್ಪಸ್ ಇಂಡಿಕಸ್.

ಮಿಸ್ತ್ರಿ: ಅಂದ್ರ ಆಗಲೂ ಚೀಟಿ ತಪ್ಪೇ ಹಚ್ಚಿದ್ರು ಅನ್ರಿ. ಹಡಗು ಎಲ್ಲಿಂದ ಬಿಡ್ತೋ ಅದೇ ಊರಿನ ಹೆಸರು.

ಮಾಸ್ತರ: ಈಗಲೂ ಅದೇ ನಡದದ. ನಮ್ಮ ರಸ್ತಿ ಬಾಜೂ ಮಳಿ ಮರದ ಕಟಗಿ ಹವಾಯಿದಾಗ ಬಟ್ಟಲಾದ್ರ ‘ಮಂಕಿಪಾಡ್’. ನಮ್ಮ ಬಾಗೆ ಮರ ಲಂಡನ್ನಿಗೆ ಹೋದ್ರ ‘ಈಸ್ಟ್ ಇಂಡಿಯನ್ ವಾಲ್ನಟ್’. ಅಖರೋಟಿಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ಮಿಸ್ತ್ರಿ: ಹಂಗಾರ ತೊಟ್ಟಿಲ ಕಾಲಿಗೆ ಬೀಟಿ ಅಂತ ಬರೀಲೇನು? ಗಿರಾಕಿ ಕೇಳ್ತಾನ.

ಮಾಸ್ತರ: ಬೀಟಿ ಕುಲದ್ದು ಅಂತ ಬರೀರಿ. ಪೂರಾ ಹೆಸರು ನಾ ಹೇಳಂಗಿಲ್ಲ, ನೀವೂ ಹೇಳಬ್ಯಾಡ್ರಿ.

ಮಿಸ್ತ್ರಿ: ಯಾಕ? ನನ್ನ ಮೂಗಿನ ಮ್ಯಾಲ ಭರೋಸಾ ಇಲ್ಲೇನು?

ಮಾಸ್ತರ: ಮೂಗಿಗೆ ಕೋರ್ಟಿನಾಗ ಸಾಕ್ಷಿ ಹೇಳಾಕ ಬರಂಗಿಲ್ಲ. ಸೈಟಿಸ್ ಅಂತ ದೇಶ ದೇಶದ ನಡುವ ಒಪ್ಪಂದ ಅದ. 2017ರ ಜನವರಿ 2ರಿಂದ ಡಾಲ್ಬರ್ಜಿಯಾ ಕುಲ ಪೂರಾ ಅದರ ಪಟ್ಟ್ಯಾಗ ಬಂದದ. ಬ್ರೆಜಿಲಿನ ರೋಸ್‌ವುಡ್ಡಂತೂ 1992ರಿಂದ ಎಲ್ಲಾಕಿಂತ ಬಿಗಿ ಪಟ್ಟ್ಯಾಗದ. ಗಡಿ ದಾಟಸಾಕ ಕಾಗದ ಬೇಕು, ಕಾಗದದಾಗ ಜಾತಿ ಹೆಸರು ಬೇಕು. ಇಂಥಾ ಕಟಗಿ ನಾ ದುಬೈಗೆ ಕಳಸಿದ್ರ ಅಲ್ಲಿ ಅಧಿಕಾರಿ ಚೀಟಿ ಓದ್ತಾನ, ನಿಮ್ಮನ್ನ ಕೇಳಂಗಿಲ್ಲ. ನಿಮ್ಮ ರಕ್ತಚಂದನದ ಮಾತು ಬಿಡ್ರಿ, ಅದಕ್ಕ ಜೈಲೇ.

ಮಿಸ್ತ್ರಿ: ಹಂಗಾರ ಖಾತ್ರಿ ಯಾರು ಮಾಡ್ತಾರ?

ಮಾಸ್ತರ: ಬೆಂಗಳೂರಿನ ಮಲ್ಲೇಶ್ವರದಾಗ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಅದ. 1938ರಾಗ ಅರಣ್ಯ ಸಂಶೋಧನಾ ಪ್ರಯೋಗಾಲಯ ಅಂತ ಶುರುವಾಗಿದ್ದು. ತುಂಡು ಕಳಸಿದ್ರ ನೋಡಿ ಬರದು ಕೊಡ್ತಾರ. ಕಟಗಿ ಕುದಿಸಿ ಮೆತ್ತಗ ಮಾಡಿ, ಕೂದಲಿಗಿಂತ ತೆಳ್ಳನ್ನ ಪದರ ಮೂರು ದಿಕ್ಕಿನಿಂದ ಕೊಯ್ದು, ಬಣ್ಣ ಏರಿಸಿ ಸೂಕ್ಷ್ಮದರ್ಶಕದಾಗ ನೋಡ್ತಾರ. ಅಗಲ ಎಲಿ ಜಾತಿ ಗಿಡಗಳ ಕಟಗಿ ಗುರುತಿಸಾಕ 1989ರಾಗ ಜಗತ್ತಿನ ಕಾಷ್ಠ ವಿಜ್ಞಾನಿಗಳು ಕೂಡಿ 163 ಲಕ್ಷಣ ಪಟ್ಟಿ ಮಾಡ್ಯಾರ. ಅಷ್ಟು ನೋಡಿದ್ರೂ ಬಹಳ ಸಲ ಕುಲದ ತನಕ ಹೇಳ್ತಾರ, ಅದರಾಗ ಯಾವ ಜಾತಿ ಅಂತ ಎದಿ ತಟ್ಟಿ ಹೇಳಂಗಿಲ್ಲ. ಅದಕ್ಕ ಡಿಎನ್‌ಎ, ರಾಸಾಯನಿಕ ಪರೀಕ್ಷೆ ಬೇಕು.

ಮಿಸ್ತ್ರಿ: ಇದು ನನಗ ಸೇರ್ತು. ತಿಳಿದಷ್ಟು ಹೇಳಿ ಬಾಯಿ ಮುಚ್ಚೋದು. ನಮ್ಮ ಧಂದ್ಯಾಗ ಇದನ್ನ ಯಾರೂ ಕಲಿಸಲಿಲ್ಲ, ಗಿರಾಕಿ ಕೇಳಿದ ಕೂಡ್ಲೆ ಒಂದು ಹೆಸರು ಹೊಡೀಬೇಕು. ಇಲ್ಲಂದ್ರ ಮಿಸ್ತ್ರಿಗೆ ಬರಂಗಿಲ್ಲ ಅಂತಾನ. ಹಂಗಾರ ಕಿಲ್ಲೇದ ರಂಗೀನ್ ಮಹಲ್ ಕಂಬ ಯಾವ ಕಟಗಿ? ಅಲ್ಲಿ ಬಂದ ಯಾತ್ರಿಕರಿಗೆ ಒಬ್ಬೊಬ್ಬರು ಒಂದೊಂದು ಹೇಳ್ತಾರ.

ಮಾಸ್ತರ: ಅಲಿ ಬರೀದ್ ಶಾಹನ ಕಾಲದ್ದು, 16ನೇ ಶತಮಾನ. ಎಲ್ಲಾರೂ ಕರಿ ಕಲ್ಲಿನಾಗ ಕೂಡಿಸಿದ ಮುತ್ತಿನ ಚಿಪ್ಪು ನೋಡಿ ಬರ್ತಾರ, ನಾ ಮಾತ್ರ ಆ ಕೆತ್ತಿದ ಕಂಬದ ಬುಡದಾಗೇ ನಿಂತಿರ್ತೀನಿ. ಅಲ್ಲಿ ಬ್ಲೇಡ್ ಹಚ್ಚಾಕ ಆಗಂಗಿಲ್ಲ, ಹಚ್ಚಲೂಬಾರದು. ಪುರಾತತ್ವ ಇಲಾಖೆ ಕಾಯ್ತದ. ಕೊಯ್ದ ತಲಿ ಎಲ್ಲೂ ಹೊರಗ ಕಾಣಂಗಿಲ್ಲ, ಮ್ಯಾಲ ನಾನೂರು ವರ್ಷದ ಧೂಳು, ಎಣ್ಣಿ, ಕೈ. ನಾ ಹೆಸರು ಹೇಳಂಗಿಲ್ಲ.

ಮಿಸ್ತ್ರಿ: ನಾ ಹೇಳ್ತೀನಿ. ಆ ಕೆತ್ತನಿ ಮೂಲಿ ಇನ್ನೂ ಚೂಪದಾವ. ಇಷ್ಟು ವರ್ಷ ಮೂಲಿ ಉಳದಿದ್ದು ಅಂದ್ರ ಗೆದ್ದಲು ಮುಟ್ಟದ ಕಟಗಿ, ಒಣಗಿಸಿ ಕೆತ್ತಿದ್ದು, ಬಿಳಿ ಭಾಗ ಪೂರಾ ತಗದು ಚೇಗಷ್ಟೇ ಹಚ್ಚಿದ್ದು. ಹೆಸರು ಬ್ಯಾಡ, ಇಷ್ಟು ಹೇಳಾಕ ಅಡ್ಡಿಲ್ಲ ಅಲ್ಲ?

ಮಾಸ್ತರ: ಇಲ್ರಿ. ಹೆಸರಿಗಿಂತ ಇದೇ ಹೆಚ್ಚು ಸುದ್ದಿ ಹೇಳ್ತದ. ಪರ್ಪಲ್‌ಹಾರ್ಟ್ ನೋಡೀರೇನು? ಬ್ಲೇಡ್ ಹಚ್ಚಿದ ಜಾಗ ನೇರಳಿಗೆ ತಿರುಗ್ಯದ.

ಮಿಸ್ತ್ರಿ: ಅರೆ, ಖರೆನೇ! ಆತು, ದೇವರು ಬದನಿಕಾಯಿ ಕಟಗಿನೂ ಮಾಡ್ಯಾನ. ಆದ್ರ ಮಾಸ್ತರ್ರೇ, ಒಂದು ಕೇಳ್ತೀನಿ. ಬ್ರೆಜಿಲ್‌ದಿಂದ ಇದನ್ನ ಯಾಕ ತರಸ್ತೀರಿ? ವಿದೇಶಿ ಕಟಗಿ ಬೇಕಂದ್ರ ನಿಮ್ಮ ಔರಾದ್ ಕೆರಿ ಕಟ್ಟಿ ಮ್ಯಾಲ ಬೇಕಾದಷ್ಟು ಬೆಳದದ.

ಮಾಸ್ತರ: ಬಳ್ಳಾರಿ ಜಾಲಿ ಅಂತೀರಾ?

ಮಿಸ್ತ್ರಿ: ಮತ್ತ್ಯಾವುದು! ಇಟ್ಟಂಗಿ ಭಟ್ಟಿಗೆ ಸುಡಾಕ ಒಯ್ತಾರ. ಒಂದು ಬೊಡ್ಡಿ ನಾ ಕಡದು ನೋಡೀನಿ. ಹೊರಗ ಹಳದಿ, ಒಳಗ ಕೆಂಗಂದು ಚೇಗು. ಹಸಿದೇ ಕಡದು ಬಟ್ಟಲು ಮಾಡಿಟ್ಟೆ, ಬ್ಯಾಸಗಿ ಬಿಸಿಲಿಗೂ ಸೀಳಲಿಲ್ಲ. ಮಾವಿನದು ಆಗಿದ್ರ ಬಾಯಿ ಬಿಡ್ತಿತ್ತು.

ಮಾಸ್ತರ: ಅದಕ್ಕ ಕಾರಣ ಅದ ಕಾಕಾ. ಕಟಗಿ ಒಣಗುವಾಗ ಉಂಗುರದ ಗುಂಟ ಒಂದು ಅಳತಿ ಕುಗ್ಗತದ, ನಡುವಿನಿಂದ ಹೊರಗ ಇನ್ನೊಂದು ಅಳತಿ. ಎರಡೂ ಬ್ಯಾರೆ ಬ್ಯಾರೆ ಆದಷ್ಟು ಸೀಳ್ತದ. ಈ ಬಳ್ಳಾರಿ ಜಾಲಿ ಕುಲದ ಗಿಡದಾಗ ಎರಡೂ ಹತ್ತಿರ ಹತ್ತಿರ, ಅದೂ ಭಾಳ ಕಡಿಮಿ. ಟೆಕ್ಸಾಸ್‌ನಾಗ ಇದರ ಅಣ್ಣತಮ್ಮಗ ಮೆಸ್ಕೀಟ್ ಅಂತಾರ. ಅಲ್ಲಿ ಬಟ್ಟಲು ಕಡಿಯೋರು ಅದರ ತುಂಡಿಗೆ ರೊಕ್ಕ ಸುರೀತಾರ. ನಮ್ಮ ದೇಶಕ್ಕ 1877ರಾಗ ಬೀಜ ತರಿಸಿ ಕಡಪಾ ಕಡಿ ಬಿತ್ತಿದ್ದು, ಇಲ್ಲಿ ತನಕ ಹಬ್ಬ್ಯದ.

ಮಿಸ್ತ್ರಿ: ಅಂದ್ರ ಅಮೆರಿಕಾದ ಕಟಗಿ ನಮ್ಮ ಹಿತ್ತಲಾಗ ಸುಟ್ಟು, ಬ್ರೆಜಿಲ್‌ದ ಕಟಗಿಗೆ ಕೊರಿಯರ್ ರೊಕ್ಕ ಕೊಡಲತ್ತೀವಿ.

ಮಾಸ್ತರ: ಮುಂದಿನ ಐತವಾರ ಒಂದು ಬೊಡ್ಡಿ ತರ್ತೀನಿ. ಸೊಂಟದ ಗಾತ್ರದ್ದು ಸಿಗ್ತದ ಕೆರಿ ಕಡಿ.

ಮಿಸ್ತ್ರಿ: ತರ್ರಿ. ಮುಳ್ಳು ಅಲ್ಲೇ ಸವರಿ ತರ್ರಿ, ನನ್ನ ಅಂಗಡಿಗೆ ತಂದು ಸವರೋದಲ್ಲ. ಮತ್ತ ಎರಡೂ ತಲಿಗೆ ಮೇಣ ಹಚ್ಚಿ ತರ್ರಿ, ಔರಾದಿನಿಂದ ಇಲ್ಲಿಗೆ ಬರೋದ್ರಾಗ ಬಿಸಿಲಿಗೆ ಬಾಯಿ ಬಿಡಬಾರದು. ಚೀಟಿಮ್ಯಾಲ ಏನ್ ಬರೀತೀರಿ?

ಮಾಸ್ತರ: ಪ್ರೊಸೋಪಿಸ್. ಔರಾದ್ ಕೆರಿ ಕಟ್ಟಿ. ಹಸಿ ಇದ್ದಾಗ ಕಡದದ್ದು.

ಮಿಸ್ತ್ರಿ: ಕಡದ ತಾರೀಖು ಹಾಕೋದು ಮರೀಬ್ಯಾಡ್ರಿ. ಮತ್ತ ಆ ಮಸಿ ಹಚ್ಚಿದ ಎಬನಿ ವಾಪಸ್ ಕಳಸ್ರಿ, ರೊಕ್ಕ ಕೇಳ್ರಿ.